ಮನೆಯಂಗಳದ ಪೀಚ್: 'ರೋಗನಿರೋಧಕ' ಎಂದರೆ ಯಾವ ರೋಗಕ್ಕೆ?

ಪೀಚ್ ಸಸಿಗೆ 'ರೋಗನಿರೋಧಕ' ಎಂಬ ಚೀಟಿ ಕಟ್ಟುವುದು ಸುಲಭ. ಯಾವ ರೋಗಕ್ಕೆ ಎಂದು ಕೇಳಿ ನೋಡಿ, ಮಾರುವವರು ತಡವರಿಸುತ್ತಾರೆ. ಎಲ್ಲ ರೋಗವನ್ನೂ ತಡೆಯುವ ಪೀಚ್ ತಳಿ ಎಲ್ಲಿಯೂ ಇಲ್ಲ. ಎಲೆ ಮುಟುರು ರೋಗಕ್ಕೆ ಜಗ್ಗದ ತಳಿ ತುಕ್ಕು ರೋಗಕ್ಕೆ ಸೋಲಬಹುದು. ಮೇಲೆ ಗಟ್ಟಿಯಾದ ಗಿಡದ ಬೇರನ್ನು ಮಣ್ಣಿನ ಜಂತುಹುಳು (ನೆಮಟೋಡ್) ಒಳಗಿಂದಲೇ ಮುಗಿಸಬಹುದು. ನೀಲಗಿರಿ, ತಾಳವಾಡಿ, ಹೊಸೂರು, ತಳಿ ಎಂಬ ಊರಿನ ಕಡೆಯ ಮನೆಗಳಲ್ಲಿ ಒಂದೆರಡು ಪೀಚ್ ಗಿಡ ಹಾಕಬೇಕೆನ್ನುವವರು ಮೂರು ಪ್ರಶ್ನೆಗಳನ್ನು ಈ ಕ್ರಮದಲ್ಲೇ ಕೇಳಿಕೊಳ್ಳಬೇಕು. ನಮ್ಮ ಊರಿನ ಚಳಿ ಈ ತಳಿಗೆ ಸಾಕೇ? ನಮ್ಮ ಊರಿನಲ್ಲಿ ಯಾವ ರೋಗ ಹೆಚ್ಚು? ಕಸಿಯ ಕೆಳಗಿರುವ ಬೇರು ಯಾವುದು?

ಈ ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ರೋಗನಿರೋಧಕ ಪೀಚ್ ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಮೊದಲು ಬರುವ ಹೆಸರುಗಳು ಫ್ರಾಸ್ಟ್ ಮತ್ತು ಇಂಡಿಯನ್ ಫ್ರೀ. ಎರಡೂ ಅಮೆರಿಕದ ತಳಿಗಳು, ಎಲೆ ಮುಟುರು ರೋಗವನ್ನು ತಾಳಿಕೊಳ್ಳುವುದಕ್ಕೆ ಹೆಸರಾದವು. ಎರಡನೆಯದರ ಹೆಸರಿನಲ್ಲಿ 'ಇಂಡಿಯನ್' ಇದ್ದ ಮಾತ್ರಕ್ಕೆ ಅದು ನಮ್ಮ ಹವೆಗೆ ಒಗ್ಗುತ್ತದೆ ಎಂದು ತಿಳಿಯಬಾರದು. ಈ ತಳಿಗಳು ಸರಿಯಾಗಿ ಚಿಗುರಲು ಸುಮಾರು 700 ಗಂಟೆಗಳ ಚಳಿ ಬೇಕು. ಅಷ್ಟು ಚಳಿ ಊಟಿಯ ಹೊಲಗಳಿಗೂ ಸಿಗದು. ಅಲ್ಲಿ ನೆಟ್ಟ ಫ್ರಾಸ್ಟ್ ಗಿಡ ಎಲೆ ಮುಟುರಿನಿಂದ ಸಾಯುವುದಿಲ್ಲ, ನಿಜ. ಚಿಗುರಲಾರದೆ ಬಳಲಿ, ಬರಿ ಕೊಂಬೆಗೆ ಬಿಸಿಲು ಹೊಡೆದು, ತೊಗಟೆ ಬಿರಿದು, ಅಂಟು ಸುರಿಸಿ ಸಾಯುತ್ತದೆ.

ಚಳಿಯ ಲೆಕ್ಕ

ಪೀಚ್ ಎಲೆ ಉದುರಿಸಿ ಮಲಗುವ ಮರ. ಮಲಗಿದ ಮೊಗ್ಗು ಏಳಬೇಕಾದರೆ ಅದಕ್ಕೆ ಇಂತಿಷ್ಟು ಗಂಟೆ ಚಳಿ ತಗಲಿರಬೇಕು. 0ಯಿಂದ 7.2 ಡಿಗ್ರಿ ಸೆಲ್ಸಿಯಸ್ ನಡುವಿನ ಒಂದೊಂದು ಗಂಟೆಯನ್ನೂ ಒಂದು ಚಳಿಗಂಟೆ ಎಂದು ಎಣಿಸುವುದು ಹಳೆಯ, ಸರಳ ಪದ್ಧತಿ. ನಮ್ಮ ಬೆಟ್ಟಗಳಲ್ಲಿ ಈ ಲೆಕ್ಕ ಸ್ವಲ್ಪ ಮೋಸ ಮಾಡುತ್ತದೆ. ಜನವರಿಯ ರಾತ್ರಿ ಕೈ ಮರಗಟ್ಟುವಷ್ಟು ಚಳಿ ಇದ್ದರೂ ಮಧ್ಯಾಹ್ನದ ಬಿಸಿಲು 20 ಡಿಗ್ರಿ ದಾಟುವುದುಂಟು. ಹಗಲಿನ ಆ ಸೆಕೆ ರಾತ್ರಿ ಕೂಡಿಟ್ಟ ಚಳಿಯಲ್ಲಿ ಒಂದು ಪಾಲನ್ನು ಅಳಿಸಿಹಾಕುತ್ತದೆ. ಹಾಗಾಗಿ ಉಷ್ಣಮಾಪಕದಲ್ಲಿ 200 ಗಂಟೆ ಕಂಡ ಜಾಗಕ್ಕೆ 200 ಗಂಟೆಯ ತಳಿ ತಂದರೆ ಕೊರತೆ ಬೀಳುತ್ತದೆ. ಎಣಿಕೆಗಿಂತ ಕಡಿಮೆ ಚಳಿ ಕೇಳುವ ತಳಿಯನ್ನೇ ಆರಿಸಬೇಕು. ಇನ್ನೊಂದು ಕಡೆ, 7.2 ಎಂಬುದು ದಾಟಲಾಗದ ಗೆರೆಯೂ ಅಲ್ಲ. ಕಡಿಮೆ ಚಳಿಯ ತಳಿಗಳು 10–12 ಡಿಗ್ರಿಯ ರಾತ್ರಿಗಳಿಂದಲೂ ಸ್ವಲ್ಪ ಲಾಭ ಪಡೆಯುತ್ತವೆ.

ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್–ಜನವರಿಯಲ್ಲಿ ಅಲ್ಲಿನ ತಗ್ಗುಗಳ ಹುಲ್ಲಿನ ಮೇಲೆ ಹಿಮ ಬೀಳುತ್ತದೆ. ಕೂನೂರು, ಕೋಟಗಿರಿ ಅದಕ್ಕಿಂತ ಕೆಳಗಿವೆ, ಅಲ್ಲಿನ ಚಳಿ ಮೃದು. ಈ ಮೂರೂ ಕಡೆ ಕಡಿಮೆ ಚಳಿಯ ಪೀಚ್ ಬರುತ್ತದೆ. ಕೂನೂರು–ಕೋಟಗಿರಿಗೆ 150 ಗಂಟೆಯ ಒಳಗಿನವೇ ಸರಿ. ಗೂಡಲೂರಿಗೆ ಇಳಿದರೆ ಚಳಿಯೂ ಇಲ್ಲ, ಮುಂಗಾರಿನ ಮಳೆ ಬೇರೆ ವಿಪರೀತ. ಅಲ್ಲಿ ಈ ಆಸೆ ಬಿಡುವುದು ಒಳ್ಳೆಯದು. ತಾಳವಾಡಿ, ಡೆಂಕಣಿಕೋಟೆ, ತಳಿ, ಹೊಸೂರುಗಳು ಬೆಂಗಳೂರಿನಂಥದೇ ಎತ್ತರದ ಆಸುಪಾಸಿನವು. ಅತಿ ಕಡಿಮೆ ಚಳಿಯ ತಳಿ ಅಲ್ಲಿ ಕೆಲವು ವರ್ಷ ಹತ್ತಿಪ್ಪತ್ತು ಹಣ್ಣು ಕೊಟ್ಟೀತು, ಕೆಲವು ವರ್ಷ ಏನೂ ಇಲ್ಲ. ಹವ್ಯಾಸಕ್ಕೆ ಸರಿ, ಬುಟ್ಟಿ ತುಂಬುವ ಆಸೆಗಲ್ಲ. ಕಾಸರಗೋಡಿನ ಅಡಿಕೆ ತೋಟದ ಬದಿಯಲ್ಲಿ ನೆಟ್ಟರೆ ಎಲೆ ಬಿಡುತ್ತದೆ, ಅಷ್ಟೇ.

ನಿಮ್ಮ ಜಾಗ ಯಾವ ಕಡೆ ಸೇರುತ್ತದೆ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಅಕ್ಕಪಕ್ಕದ ಪ್ಲಮ್ ಅಥವಾ ಪೇರ್ ಮರವನ್ನು ನೋಡಿ. ಚಳಿಗಾಲ ಮುಗಿಯುತ್ತಲೇ ಎರಡು–ಮೂರು ವಾರಗಳೊಳಗೆ ಮರವಿಡೀ ಒಟ್ಟಿಗೆ ಹೂಬಿಟ್ಟು ಚಿಗುರಿದರೆ ಕಡಿಮೆ ಚಳಿಯ ಪೀಚಿಗೆ ಜಾಗ ಒಪ್ಪುತ್ತದೆ. ಕೊಂಬೆಯ ತುದಿಯಲ್ಲಷ್ಟೇ ಚಿಗುರು, ನಡುವೆ ಬೋಳು, ಎರಡು ತಿಂಗಳಾದರೂ ಅಲ್ಲೊಂದು ಇಲ್ಲೊಂದು ಹೂ ಎಂದಾದರೆ ಚಳಿ ಸಾಲದು ಎಂದೇ ಅರ್ಥ.

ತಳಿಗಳ ವಿಷಯಕ್ಕೆ ಬಂದರೆ, ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ 1950ರ ದಶಕದಲ್ಲಿ ಶುರುವಾದ ತಳಿ ಅಭಿವೃದ್ಧಿಯೇ ಉಷ್ಣ ಪ್ರದೇಶದ ಪೀಚಿಗೆ ದಾರಿ ಮಾಡಿತು. 'ಫ್ಲೋರ್ಡಾ' ಎಂದು ಶುರುವಾಗುವ ಹೆಸರುಗಳೆಲ್ಲ ಆ ಮನೆತನದವು. ಫ್ಲೋರ್ಡಾಪ್ರಿನ್ಸ್, ಫ್ಲೋರ್ಡಾಗ್ಲೋ, ಟ್ರಾಪಿಕ್ ಬ್ಯೂಟಿ ಸುಮಾರು 150 ಗಂಟೆ ಕೇಳುತ್ತವೆ. ಫ್ಲೋರ್ಡಾಸನ್ ಅದರ ಎರಡರಷ್ಟು, ಸುಮಾರು 300. ನಮ್ಮ ದೇಶದ್ದೇ ಆದ ಸಹಾರನ್‌ಪುರ್ ಪ್ರಭಾತ್ ಕೂಡ ಕಡಿಮೆ ಚಳಿಯದು, ಶರ್ಬತಿ ಮತ್ತು ಫ್ಲೋರ್ಡಾಸನ್‌ಗಳನ್ನು ಕೂಡಿಸಿ ಪಡೆದದ್ದು. ಇವುಗಳ ಹೂವಿಗೆ ಪಕ್ಕದ ಮರದ ಪರಾಗ ಬೇಕಿಲ್ಲ, ಹಾಗಾಗಿ ಒಂದೇ ಗಿಡ ಸಾಕು. ಚಿಕ್ಕ ಅಂಗಳದವರಿಗೆ ಇದು ಸಣ್ಣ ಅನುಕೂಲವೇನಲ್ಲ.

ಈ ತಳಿಗಳಿಗೆ ಇನ್ನೊಂದು ಗುಣವಿದೆ. ಅದನ್ನು ಯಾರೂ 'ರೋಗನಿರೋಧಕ' ಎಂದು ಕರೆಯುವುದಿಲ್ಲ, ಆದರೆ ಕೆಲಸ ಮಾಡುವುದು ಅದೇ. ಫ್ಲೋರ್ಡಾಪ್ರಿನ್ಸ್ ಹೂವಾದ ಸುಮಾರು 80 ದಿನಕ್ಕೆ ಹಣ್ಣಾಗುತ್ತದೆ. ಜನವರಿ ಕೊನೆಯಲ್ಲಿ ಹೂವಾದರೆ ಏಪ್ರಿಲ್ ನಡುವೆ ಹಣ್ಣು ಕೈಗೆ ಬರುತ್ತದೆ. ಅಂದರೆ ಮುಂಗಾರು ಬರುವ ಮೊದಲೇ, ಹಣ್ಣು ನೊಣ ಪೂರ್ತಿ ಬಲಿಯುವ ಮೊದಲೇ, ಹಣ್ಣು ಕೊಳೆಸುವ ಬೂಷ್ಟಿಗೆ ತೇವ ಸಿಗುವ ಮೊದಲೇ ಕೊಯ್ಲು ಮುಗಿದಿರುತ್ತದೆ. ಜೂನ್–ಜುಲೈಯಲ್ಲಿ ಹಣ್ಣಾಗುವ ತಡದ ತಳಿ ಎಷ್ಟೇ ಗಟ್ಟಿಯಾಗಿದ್ದರೂ ಆ ಮಳೆಯಲ್ಲಿ ಹಣ್ಣು ಉಳಿಯುವುದು ಕಷ್ಟ. ನಮ್ಮ ಕಡೆ ರೋಗದೊಂದಿಗೆ ಹೋರಾಡುವ ತಳಿಗಿಂತ ರೋಗ ಬರುವ ಮುಂಚೆ ಜಾಗ ಖಾಲಿ ಮಾಡುವ ತಳಿಗೇ ಬೆಲೆ ಹೆಚ್ಚು.

ಬೆಟ್ಟದ ರೋಗ ಯಾವುದು?

ಎಲೆ ಮುಟುರು ರೋಗ ಹರಡಬೇಕಾದರೆ ಮೊಗ್ಗು ಬಿರಿಯುವ ಹೊತ್ತಿಗೇ ಚಳಿ ಮತ್ತು ಗಂಟೆಗಟ್ಟಲೆ ಒದ್ದೆ ಎರಡೂ ಇರಬೇಕು. ನೀಲಗಿರಿಯಲ್ಲಿ ಮೊಗ್ಗು ಬಿರಿಯುವ ಜನವರಿ–ಫೆಬ್ರುವರಿ ಸಾಮಾನ್ಯವಾಗಿ ಒಣ ತಿಂಗಳು. ಹಿಂಗಾರು ಜನವರಿಯವರೆಗೆ ಎಳೆದ ವರ್ಷ, ಅಥವಾ ಬೆಳಗಿನ ಮಂಜು ಹನ್ನೊಂದಾದರೂ ಕರಗದ ಕಣಿವೆಯಲ್ಲಿ ಮಾತ್ರ ಅದರ ಭಯ. ಎಲೆ ದಪ್ಪಗಾಗಿ, ಗುಳ್ಳೆ ಎದ್ದು, ಕೆಂಪಾಗಿ, ಆಮೇಲೆ ಮೇಲೆ ಬಿಳಿಯ ಪುಡಿ ಕಂಡರೆ ಅದೇ. ಎಲೆ ಸುರುಳಿ ಸುತ್ತಿದ್ದು ದಪ್ಪವಾಗಿಲ್ಲ, ಬಿಡಿಸಿದರೆ ಒಳಗೆ ಹೇನು, ಮೇಲೆ ಜಿಗುಟು, ಇರುವೆಗಳ ಓಡಾಟ ಎಂದಾದರೆ ಅದು ಸಸ್ಯಹೇನು. ಹೇನಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹೊಡೆದು ಗುಣವಾಗಲಿಲ್ಲ ಎನ್ನುವವರೇ ಹೆಚ್ಚು. ಹೇನಿಗೆ ಬೇಕಾದದ್ದು ಜೋರಾದ ನೀರಿನ ಧಾರೆ, ಅದಕ್ಕೂ ಜಗ್ಗದಿದ್ದರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನೊಂದಿಗೆ ಕಲಸಿ ಸಂಜೆ ಹೊತ್ತು ಸಿಂಪಡಿಸುವುದು.

ನಮ್ಮ ಕಡೆಯ ಪೀಚನ್ನು ನಿಜಕ್ಕೂ ಹಾಳುಮಾಡುವುದು ತುಕ್ಕು ರೋಗ. ಎಲೆಯ ಮೇಲ್ಭಾಗದಲ್ಲಿ ಹಳದಿ, ಮೂಲೆಮೂಲೆಯಾದ ಸಣ್ಣ ಚುಕ್ಕೆ. ಅದರ ನೇರ ಕೆಳಗೆ, ಎಲೆಯ ಹಿಂಬದಿಯಲ್ಲಿ ಕಂದು ಪುಡಿ, ಬೆರಳಿಂದ ಒರೆಸಿದರೆ ಅಂಟಿಕೊಳ್ಳುತ್ತದೆ. ಮಳೆಗಾಲದ ಕೊನೆಗೆ ಎಲೆಗಳು ದಳದಳನೆ ಉದುರುತ್ತವೆ. ಹೇಗೂ ಎಲೆ ಉದುರಿಸುವ ಮರ, ಎರಡು ತಿಂಗಳು ಮೊದಲೇ ಉದುರಿದರೆ ಏನಂತೆ ಎನಿಸಬಹುದು. ನಷ್ಟ ಇರುವುದೇ ಅಲ್ಲಿ. ಸೆಪ್ಟೆಂಬರಿನಲ್ಲೇ ಬೋಳಾದ ಮರ ಇನ್ನೂ ಮಲಗಿರುವುದಿಲ್ಲ. ಮೇಲೆ ಹಿಂಗಾರಿನ ಒಂದು ಹದ ಮಳೆ ಬಿದ್ದರೆ ಅಕ್ಟೋಬರ್–ನವೆಂಬರಿನಲ್ಲಿ ಹೊಸ ಚಿಗುರು, ಹೂ ಎಲ್ಲ ಬಂದುಬಿಡುತ್ತದೆ. ನೋಡಲು ಚಂದ. ಮುಂದಿನ ಬೇಸಿಗೆಯ ಹಣ್ಣಿಗೆಂದು ಇಟ್ಟ ಮೊಗ್ಗುಗಳು ಅಲ್ಲೇ ಖರ್ಚಾದವು. ಜನವರಿಯಲ್ಲಿ ಅರಳಲು ಉಳಿದದ್ದು ಅರೆಬರೆ. 'ನಮ್ಮ ಗಿಡ ಅಕಾಲದಲ್ಲಿ ಹೂ ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ' ಎಂಬ ದೂರಿನ ಹಿಂದೆ ಬಹುಪಾಲು ತುಕ್ಕು ಇರುತ್ತದೆ, ಇಲ್ಲವೇ ಸಕಾಲಕ್ಕೆ ನೀರು ಸಿಗದೆ ಎಲೆ ಉದುರಿಸಿದ ಬೇರು.

ತುಕ್ಕಿಗೆ ಪೂರ್ತಿ ಜಗ್ಗದ ತಳಿ ಎಂದು ನಂಬಿ ಕೊಳ್ಳುವಂಥದ್ದಿಲ್ಲ. ಹೆಚ್ಚು–ಕಡಿಮೆ ತಾಳುವ ವ್ಯತ್ಯಾಸಗಳಿವೆ, ಅಷ್ಟೇ. ನಮ್ಮಲ್ಲಿ ಚಳಿ ಮೃದುವಾದ್ದರಿಂದ ಕೆಲವು ಎಲೆಗಳು ಉದುರದೆ ವರ್ಷವಿಡೀ ಮರದಲ್ಲೇ ನಿಲ್ಲುತ್ತವೆ. ತುಕ್ಕಿನ ಬೂಷ್ಟು ಒಂದು ವರ್ಷದಿಂದ ಇನ್ನೊಂದಕ್ಕೆ ದಾಟುವ ಸೇತುವೆ ಆ ಎಲೆಗಳೇ. ಆದ್ದರಿಂದ ಡಿಸೆಂಬರಿನಲ್ಲಿ ಕೈಯಿಂದಲೇ ಒಂದೂ ಬಿಡದೆ ಕಿತ್ತು, ನೆಲದ ಮೇಲಿನವನ್ನೂ ಗುಡಿಸಿ ಸುಡುವುದು ಅಥವಾ ಹೂಳುವುದು ಯಾವ ಔಷಧಿಗೂ ಕಡಿಮೆಯಲ್ಲ. ಒಂದು ಗಿಡಕ್ಕೆ ಅರ್ಧ ಗಂಟೆಯ ಕೆಲಸ.

ಬೂದಿ ರೋಗ ಒಣ ತಿಂಗಳಿನದು. ಎಳೆ ಚಿಗುರು, ಎಳೆಗಾಯಿಗಳ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಕಾಣುತ್ತದೆ. ಇದರ ವಿಷಯದಲ್ಲಿ ನರ್ಸರಿಯಲ್ಲೇ ನೋಡಿ ತಿಳಿಯಬಹುದಾದ ಗುರುತೊಂದಿದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಪೀಚ್ ಎಲೆಯ ತೊಟ್ಟು ಎಲೆಯನ್ನು ಸೇರುವ ಜಾಗದಲ್ಲಿ ಸಾಸಿವೆಗಿಂತ ಚಿಕ್ಕ ಗ್ರಂಥಿಗಳಿರುತ್ತವೆ, ಕೆಲವದರಲ್ಲಿ ದುಂಡಗೆ, ಕೆಲವದರಲ್ಲಿ ಹುರುಳಿಕಾಳಿನ ಹಾಗೆ. ಈ ಗ್ರಂಥಿಗಳೇ ಇಲ್ಲದ ತಳಿಗಳು ಬೂದಿ ರೋಗಕ್ಕೆ ಬೇಗ ತುತ್ತಾಗುತ್ತವೆ. ಹತ್ತಾರು ಎಲೆ ತಿರುಗಿಸಿ ನೋಡಿ, ಒಂದರಲ್ಲೂ ಕಾಣದಿದ್ದರೆ ಆ ಸಸಿ ಬೇಡ.

ಬ್ಯಾಕ್ಟೀರಿಯಾ ಚುಕ್ಕೆ ರೋಗ ಗಾಳಿ ಹೊಡೆಯುವ ದಿಣ್ಣೆಯಲ್ಲಿ ಹೆಚ್ಚು. ಎಲೆಯ ಮೇಲೆ ನೇರಳೆಗಪ್ಪು ಚುಕ್ಕೆ ಬಿದ್ದು, ಆ ಭಾಗ ಕಳಚಿ, ಎಲೆ ಗುಂಡು ಹೊಡೆದಂತೆ ತೂತು ತೂತಾಗುತ್ತದೆ. ಬಂದ ಮೇಲೆ ಗುಣಪಡಿಸುವ ಔಷಧಿ ಇಲ್ಲ. ಗಾಳಿಗೆ ತಡೆ, ಸಾರಜನಕ ಗೊಬ್ಬರದಲ್ಲಿ ಹಿಡಿತ, ತಳಿಯ ಆಯ್ಕೆ, ಇಷ್ಟೇ ಉಪಾಯ. ಫ್ಲೋರಿಡಾದ ತಳಿಗಳನ್ನು ಆರಿಸುವಾಗ ಅಲ್ಲಿನ ತೇವದ ಹವೆಯಲ್ಲಿ ಈ ರೋಗವನ್ನೂ ಗಮನದಲ್ಲಿಟ್ಟಿದ್ದರು ಎಂಬುದು ನಮಗೆ ಪುಕ್ಕಟೆ ಸಿಕ್ಕ ಲಾಭ.

ನೆಲದ ಕೆಳಗಿನ ಅರ್ಧ ಗಿಡ

ಕಸಿ ಮಾಡಿದ ಪೀಚ್ ಎಂದರೆ ಎರಡು ಗಿಡ. ಮೇಲಿನದು ಹಣ್ಣಿನ ತಳಿ, ಕೆಳಗಿನದು ರೂಟ್‌ಸ್ಟಾಕ್, ಅಂದರೆ ಬೇರು ಕೊಡುವ ಗಿಡ. ಚೀಟಿಯಲ್ಲಿ ಬರೆದಿರುವುದು ಮೇಲಿನದರ ಹೆಸರು ಮಾತ್ರ. ಬೇರಿನ ಶತ್ರುಗಳಿಗೆ ಆ ಹೆಸರು ಲೆಕ್ಕಕ್ಕಿಲ್ಲ.

ನೀಲಗಿರಿಯ ಮನೆಗಳ ಸುತ್ತಿನ ನೆಲ ಬಹುಪಾಲು ಹಿಂದೆ ಆಲೂಗಡ್ಡೆ, ಕ್ಯಾರೆಟ್, ಬೀನ್ಸ್ ಬೆಳೆದದ್ದು. ಜಂತುಹುಳು ಎಂದರೆ ಅಲ್ಲಿನವರಿಗೆ ನೆನಪಾಗುವುದು ಆಲೂಗಡ್ಡೆಯ ಗೋಲ್ಡನ್ ನೆಮಟೋಡ್. ಅದು ಪೀಚಿನ ತಂಟೆಗೆ ಬರುವುದಿಲ್ಲ, ಆಲೂ–ಟೊಮೆಟೊ ಕುಟುಂಬಕ್ಕೆ ಮಾತ್ರ ಅಂಟುವ ಹುಳು. ಪೀಚಿಗೆ ಕಂಟಕವಾದದ್ದು ತರಕಾರಿ ಬೇರುಗಳಲ್ಲಿ ಗಂಟು ಕಟ್ಟಿಸುವ ಬೇರುಗಂಟು ಜಂತುಹುಳು. ಹೊಸೂರು ಕಡೆಯ ಕೆಂಪು ಮಣ್ಣಿನಲ್ಲಿ, ಟೊಮೆಟೊ–ಬದನೆ ಬೆಳೆದ ಜಾಗದಲ್ಲಿ ಇದು ಇನ್ನೂ ಹೆಚ್ಚು. ಗಿಡ ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಗೊಬ್ಬರ ಹಾಕಿದಷ್ಟೂ ಹಳದಿ, ಬಿಸಿಲು ಏರಿದೊಡನೆ ಬಾಡು. ಅಮೆರಿಕದ ಕೃಷಿ ಇಲಾಖೆ 1959ರಲ್ಲಿ ಬಿಡುಗಡೆ ಮಾಡಿದ ನೆಮಾಗಾರ್ಡ್ ರೂಟ್‌ಸ್ಟಾಕ್ ಈ ಹುಳುವಿನ ಮುಖ್ಯ ಜಾತಿಗಳನ್ನು ತಡೆಯುತ್ತದೆ. ಕಡಿಮೆ ಚಳಿಯ ನಾಡಿಗೆಂದು ಆಮೇಲೆ ಬಂದದ್ದು ಫ್ಲೋರ್ಡಾಗಾರ್ಡ್. ಇವೆರಡರಲ್ಲಿ ಒಂದರ ಮೇಲೆ ಕಸಿಯಾದ ಸಸಿ ಸಿಕ್ಕರೆ ನೂರಿನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಸಿಗದೆ ಕಾಡುಪೀಚಿನ ಬೇರಿನದೇ ಗತಿಯಾದರೆ ತರಕಾರಿ ಪಾತಿಯಿಂದ ದೂರ, ಹುಲ್ಲು ಬೆಳೆದಿದ್ದ ನೆಲದಲ್ಲಿ ನೆಡಿ. ನೆಡುವ ಮೊದಲು ಒಂದು ಹಂಗಾಮು ಆ ಜಾಗದಲ್ಲಿ ಒತ್ತಾಗಿ ಚೆಂಡುಹೂ ಬೆಳೆದರೆ ಹುಳುವಿನ ಸಂಖ್ಯೆ ಇಳಿಯುತ್ತದೆ.

ಹಳೆಯ ಪೀಚ್ ಅಥವಾ ಪ್ಲಮ್ ಕಿತ್ತ ಗುಂಡಿಯಲ್ಲೇ ಹೊಸ ಪೀಚ್ ನೆಡಬಾರದು. ಹಳೆಯ ಬೇರು ಕೊಳೆಯುವಾಗ ಬಿಡುವ ವಿಷವಸ್ತು, ಉಳಿದ ಜಂತುಹುಳು, ಬೂಷ್ಟು ಎಲ್ಲ ಸೇರಿ ಎಳೆಬೇರನ್ನು ಏಳಗೊಡುವುದಿಲ್ಲ. ನಾಲ್ಕೈದು ಮೀಟರಾದರೂ ಸರಿಯಬೇಕು. ಕಡಿದ ಸಿಲ್ವರ್ ಓಕಿನ ಬುಡ ನೆಲದಲ್ಲಿ ಹಾಗೇ ಉಳಿದಿದ್ದರೆ ಅದರ ಬೇರುಗಳನ್ನೂ ಅಗೆದು ತೆಗೆಯಿರಿ. ಚಹಾ ತೋಟದವರಿಗೆ ಈ ಮಾತು ಹೊಸದಲ್ಲ, ಸತ್ತ ಬುಡದಿಂದ ಹರಿಯುವ ಬೇರುಕೊಳೆ ಬೂಷ್ಟುಗಳನ್ನು ಅವರು ಕಂಡವರೇ.

ತಿಂದ ಹಣ್ಣಿನ ಓಟೆ ಊರಿ ಗಿಡ ಮಾಡಬಹುದೇ? ಅಂಗಡಿಯ ಆಮದು ಪೀಚ್ ಹೆಚ್ಚು ಚಳಿಯ ದೇಶದ್ದು, ಅದರ ಮರಿಗೂ ಅಷ್ಟೇ ಚಳಿ ಬೇಕು. ಫ್ಲೋರ್ಡಾಪ್ರಿನ್ಸಿನಂಥ ಬೇಗ ಹಣ್ಣಾಗುವ ತಳಿಯ ಓಟೆಯೊಳಗಿನ ಬೀಜ ಬಲಿಯುವ ಮೊದಲೇ ಹಣ್ಣು ಕಳಿತುಬಿಡುವುದರಿಂದ ಅದು ಮೊಳೆಯುವುದು ಅಪರೂಪ. ಓಟೆ ಬಿಟ್ಟು ಕಸಿ ಸಸಿಯನ್ನೇ ಕೊಳ್ಳಿ. ಅಂದಹಾಗೆ ಓಟೆ ಒಡೆದು ಒಳಗಿನ ತಿರುಳನ್ನು ಬಾದಾಮಿ ಎಂದು ಮಕ್ಕಳಿಗೆ ಕೊಡಬೇಡಿ. ಅಗಿದಾಗ ಸಯನೈಡ್ ಬಿಡುವ ಅಮಿಗ್ಡಾಲಿನ್ ಅದರಲ್ಲಿರುತ್ತದೆ.

ಸಸಿ ಆರಿಸುವುದು, ನೆಡುವುದು

ಪೆನ್ಸಿಲ್ಲಿನಷ್ಟು ಅಥವಾ ಸ್ವಲ್ಪ ಹೆಚ್ಚು ದಪ್ಪದ, ಮೊಣಕಾಲಿನಿಂದ ಸೊಂಟದೆತ್ತರದ ಸಸಿ ಸಾಕು. ತಲೆಯೆತ್ತರದ ಗಿಡ ಕೊಂಡರೆ ಬೇಗ ಹಣ್ಣು ಬರುತ್ತದೆನ್ನುವುದು ಸುಳ್ಳು, ಸಣ್ಣ ಚೀಲದಲ್ಲಿ ಬೇರು ಸುತ್ತಿಕೊಂಡು ನಿಂತಿರುತ್ತದೆ. ಕಸಿಯ ಜಾಗ ಸ್ಪಷ್ಟವಾಗಿ ಕಾಣಬೇಕು, ಅಲ್ಲಿ ಬಿರುಕು ಅಥವಾ ಅಂಟು ಇರಬಾರದು. ಚೀಲ ಬಿಚ್ಚಿ ಬೇರು ನೋಡಲು ಹಿಂಜರಿಯಬೇಡಿ. ಬುಡದಲ್ಲಿ ಅಥವಾ ದಪ್ಪ ಬೇರಿನಲ್ಲಿ ಒರಟಾದ ಗಡ್ಡೆ ಇದ್ದರೆ ಅದು ಕ್ರೌನ್ ಗಾಲ್, ಬ್ಯಾಕ್ಟೀರಿಯಾ ತರುವ ಗಂಟು. ಗಡ್ಡೆ ಕತ್ತರಿಸಿ ನೆಟ್ಟರೆ ಹೋಗುವುದಿಲ್ಲ, ನಿಮ್ಮ ಮಣ್ಣಿಗೂ ಇಳಿಯುತ್ತದೆ. ಸಪೂರ ಬೇರುಗಳಲ್ಲಿ ಮಣಿ ಪೋಣಿಸಿದಂತೆ ಗಂಟುಗಳಿದ್ದರೆ ಜಂತುಹುಳು. ಎರಡನ್ನೂ ಅಂಗಡಿಯಲ್ಲೇ ಬಿಟ್ಟುಬನ್ನಿ.

ಜಾಗಕ್ಕೆ ದಿನಕ್ಕೆ ಆರೇಳು ಗಂಟೆಯ ನೇರ ಬಿಸಿಲು ಬೇಕು, ಅದರಲ್ಲೂ ಬೆಳಗಿನ ಬಿಸಿಲು. ರಾತ್ರಿಯ ಇಬ್ಬನಿ ಬೇಗ ಆರಿದಷ್ಟೂ ಬೂಷ್ಟಿಗೆ ಸಮಯ ಕಡಿಮೆ. ಇಳಿಜಾರಿನ ನಡುಭಾಗ ಉತ್ತಮ. ತಳದ ತಗ್ಗಿನಲ್ಲಿ ತಣ್ಣನೆಯ ಗಾಳಿ ಬಂದು ನಿಂತು ಜನವರಿಯ ಹೂವನ್ನು ಹಿಮ ಸುಡುತ್ತದೆ. ಗಿಡದಿಂದ ಗಿಡಕ್ಕೆ, ಗೋಡೆಯಿಂದ ಗಿಡಕ್ಕೆ 4 ಮೀಟರ್ ಅಂತರ ಇರಲಿ.

ನೀಲಗಿರಿಯ ಮಣ್ಣು ಹುಳಿ ಮಣ್ಣು. ಚಹಾಕ್ಕೆ ಅದು ಹಬ್ಬ, ಪೀಚಿಗೆ ಅಲ್ಲ. ಪೀಚ್ ಬಯಸುವ ರಸಸಾರ (pH) 6ರಿಂದ 6.5. ಮಣ್ಣು ಪರೀಕ್ಷೆ ಮಾಡಿಸಿ, 5.5ಕ್ಕಿಂತ ಕೆಳಗಿದ್ದರೆ ನೆಡುವ ಒಂದು ತಿಂಗಳು ಮೊದಲು ಗುಂಡಿಯ ಮಣ್ಣಿಗೆ ಅರ್ಧದಿಂದ ಒಂದು ಕಿಲೋ ಡೋಲೊಮೈಟ್ ಪುಡಿ ಬೆರೆಸಿ. ಹೊಸೂರು ಕಡೆಯ ಸುಣ್ಣಕಲ್ಲಿನ ನೆಲದಲ್ಲಿ ಇದನ್ನು ಹಾಕಿದರೆ ಎಡವಟ್ಟು. ಅಲ್ಲಿ ಕಬ್ಬಿಣಾಂಶ ಬೇರಿಗೆ ಸಿಗದೆ ನರ ಹಸಿರು, ನಡುವೆ ಹಳದಿಯ ಎಲೆ ಬರುತ್ತದೆ.

ಗುಂಡಿ 60 ಸೆಂಟಿಮೀಟರ್ ಉದ್ದ, ಅಗಲ, ಆಳ. ತೆಗೆದ ಗುಂಡಿಗೆ ಎರಡು ಬಕೆಟ್ ನೀರು ಸುರಿದು ನೋಡಿ. ಮರುದಿನವೂ ನೀರು ನಿಂತಿದ್ದರೆ ಆ ಜಾಗದಲ್ಲಿ ಗುಂಡಿ ಮುಚ್ಚಿ, ಅರ್ಧ ಮೀಟರ್ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು. ಪೀಚಿನ ಬೇರಿಗೆ ಬಾಯಾರಿಕೆಗಿಂತ ನಿಂತ ನೀರಿನ ಭಯ ಹೆಚ್ಚು. ಮೇಲ್ಮಣ್ಣಿಗೆ 10 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಕಿಲೋ ಬೇವಿನ ಹಿಂಡಿ ಬೆರೆಸಿ ತುಂಬಿ. ಹಸಿ ಸಗಣಿ, ಯೂರಿಯಾ ಗುಂಡಿಗೆ ಬೇಡ. ಕಸಿಯ ಗಂಟು ನೆಲದಿಂದ ಒಂದು ಗೇಣಿನ ಅರ್ಧದಷ್ಟಾದರೂ, ಸುಮಾರು 10 ಸೆಂಟಿಮೀಟರ್, ಮೇಲಿರಬೇಕು. ಅದು ಮಣ್ಣಿನಲ್ಲಿ ಹೂತರೆ ಮೇಲಿನ ತಳಿಯೇ ಬೇರು ಬಿಟ್ಟು, ಹಣ ಕೊಟ್ಟು ತಂದ ಗಟ್ಟಿ ಬೇರು ವ್ಯರ್ಥವಾಗುತ್ತದೆ. ಚೀಲದ ಸಸಿಯನ್ನು ಮುಂಗಾರಿನ ಆರಂಭದಲ್ಲಿ ನೆಡಬಹುದು. ಬರಿಬೇರಿನ ಸಸಿಯಾದರೆ ಡಿಸೆಂಬರ್–ಜನವರಿಯಲ್ಲಿ, ಮಲಗಿರುವಾಗಲೇ. ಹೊದಿಕೆಯ ಸೊಪ್ಪು ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹಾಕಿ.

ಕವಾತು ಮಾಡದ ಪೀಚಿಗೆ ರೋಗ ಖಾತ್ರಿ

ಪೀಚ್ ಹಣ್ಣು ಬಿಡುವುದು ಹಿಂದಿನ ವರ್ಷ ಬೆಳೆದ ಕಡ್ಡಿಯಲ್ಲಿ ಮಾತ್ರ. ಒಮ್ಮೆ ಹಣ್ಣು ಬಿಟ್ಟ ಕಡ್ಡಿ ಮತ್ತೆ ಬಿಡದು. ಮಾವು, ಹಲಸಿನ ಜೊತೆ ಬಾಳಿದ ನಮಗೆ ಮರದ ಅರ್ಧ ಕಡ್ಡಿ ಕತ್ತರಿಸುವುದೆಂದರೆ ಕೈ ನಡುಗುತ್ತದೆ. ಕತ್ತರಿಸದಿದ್ದರೆ ಹಣ್ಣು ವರ್ಷ ವರ್ಷ ತುದಿಗೆ ಸರಿಯುತ್ತ ಹೋಗಿ, ನಡುವೆ ಕತ್ತಲು ತುಂಬಿ, ಒಳಗಿನ ಎಲೆ ಒದ್ದೆಯಾಗಿಯೇ ಇದ್ದು ತುಕ್ಕಿನ ಕಾರ್ಖಾನೆಯಾಗುತ್ತದೆ.

ನೆಟ್ಟ ದಿನವೇ ಸಸಿಯನ್ನು ನೆಲದಿಂದ 60–75 ಸೆಂಟಿಮೀಟರಿಗೆ ಕತ್ತರಿಸಿ. ಬರುವ ಚಿಗುರುಗಳಲ್ಲಿ ಬೇರೆ ಬೇರೆ ದಿಕ್ಕಿಗೆ ಹೋಗುವ ಮೂರು–ನಾಲ್ಕನ್ನು ಉಳಿಸಿ, ನಡುವಿನದನ್ನು ತೆಗೆಯಿರಿ. ಮರ ಹೂದಾನಿಯ ಆಕಾರಕ್ಕೆ ಬರಬೇಕು, ನಿಂತು ನೋಡಿದರೆ ನಡುವೆ ಆಕಾಶ ಕಾಣಬೇಕು. ಮೂರನೆಯ ವರ್ಷದಿಂದ ಪ್ರತಿ ಡಿಸೆಂಬರ್ ಕೊನೆಗೆ, ಮಳೆಯಿಲ್ಲದ ನಾಲ್ಕೈದು ದಿನ ನೋಡಿ, ಹಣ್ಣು ಬಿಟ್ಟು ಮುಗಿದ ಕಡ್ಡಿಗಳನ್ನೂ ಒಳಮುಖವಾದವನ್ನೂ ತೆಗೆಯಿರಿ. ಹೊಸ ಕಡ್ಡಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಹೋಗಬೇಕು. ಪೆನ್ಸಿಲ್ ದಪ್ಪದ, ಮೊಳದುದ್ದದ ಕೆಂಪು ಕಡ್ಡಿಗಳೇ ಒಳ್ಳೆಯ ಹಣ್ಣಿನವು. ಮಳೆ ದಿನ ಕತ್ತರಿಸಿದ ಗಾಯದಲ್ಲಿ ಬೂಷ್ಟು ಇಳಿದು ಕೊಂಬೆ ಒಣಗುತ್ತದೆ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕವಾತಿನ ಕತ್ತರಿಯನ್ನು (ಸಿಕೇಟರ್) ಸ್ಪಿರಿಟ್‌ನಿಂದ ಒರೆಸಿ. ಕೊಯ್ಲು ಮುಗಿದ ಮೇಲೆ ಮೇ ತಿಂಗಳಲ್ಲಿ ನಡುವೆ ನೆಟ್ಟಗೆ ಎದ್ದ ಪೋಕರಿ ಚಿಗುರುಗಳನ್ನು ಮತ್ತೊಮ್ಮೆ ತೆಗೆದರೆ ಮಳೆಗಾಲದ ತುಕ್ಕು ಅರ್ಧ ತಗ್ಗುತ್ತದೆ.

ಕಾಂಡದಿಂದ ಅಂಟು ಬಂದರೆ ಅದು ರೋಗದ ಹೆಸರಲ್ಲ, ಗಿಡದ ಕೂಗು. ಅಂಟಿನಲ್ಲಿ ಮರದ ಹೊಟ್ಟು ಬೆರೆತಿದ್ದರೆ ಒಳಗೆ ಕೊರಕ ಹುಳುವಿದೆ, ತಂತಿ ತೂರಿಸಿ ಕೊಲ್ಲಬೇಕು. ತಿಳಿಯಾದ ಅಂಟು ಬಿಸಿಲು ಬೀಳುವ ಬದಿಯಲ್ಲೇ ಬಂದರೆ ಬಿಸಿಲಿಗೆ ತೊಗಟೆ ಸುಟ್ಟಿದೆ, ಕಾಂಡಕ್ಕೆ ತಿಳಿ ಸುಣ್ಣ ಬಳಿಯಿರಿ. ಬುಡದಲ್ಲೇ ಬಂದರೆ ನೀರು ನಿಲ್ಲುತ್ತಿದೆಯೇ ನೋಡಿ.

ಸಿಂಪಡಣೆ: ಎರಡು ಹೊತ್ತು, ಎರಡು ಔಷಧಿ

ಎಲೆ ಪೂರ್ತಿ ಉದುರಿದ ಮೇಲೆ, ಮೊಗ್ಗು ಉಬ್ಬುವ ಮೊದಲು, ಶೇಕಡ 1ರ ಬೋರ್ಡೋ ದ್ರಾವಣವನ್ನು ಒಮ್ಮೆ ಹೊಡೆಯಬೇಕು. ಒಂದೆರಡು ಗಿಡಕ್ಕೆ 5 ಲೀಟರ್ ಸಾಕು. ಪ್ಲಾಸ್ಟಿಕ್ ಬಕೆಟಿನಲ್ಲಿ 50 ಗ್ರಾಂ ಮೈಲುತುತ್ತವನ್ನು ಎರಡೂವರೆ ಲೀಟರ್ ನೀರಿನಲ್ಲಿ ಕರಗಿಸಿ, ಇನ್ನೊಂದರಲ್ಲಿ 50 ಗ್ರಾಂ ಸುಣ್ಣವನ್ನು ಅಷ್ಟೇ ನೀರಿನಲ್ಲಿ ಕಲಸಿ ಸೋಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಿ. ಹೊಳೆಯುವ ಕಬ್ಬಿಣದ ಚಾಕು ಅದ್ದಿ ಒಂದು ನಿಮಿಷ ಬಿಟ್ಟು ತೆಗೆದಾಗ ಕೆಂಪು ಹತ್ತಿದ್ದರೆ ಇನ್ನಷ್ಟು ಸುಣ್ಣ ಬೇಕು. ಅಂದೇ ಬಳಸಿ ಮುಗಿಸಬೇಕು. ಎಲೆ ಮುಟುರು, ಬ್ಯಾಕ್ಟೀರಿಯಾ ಚುಕ್ಕೆ, ಕಡ್ಡಿ ಒಣಗುವ ರೋಗಗಳಿಗೆ ಈ ಒಂದು ಸಿಂಪಡಣೆ ಬಹಳ ಮಟ್ಟಿಗೆ ತಡೆ. ಮುಟುರಿದ ಎಲೆ ಕಂಡ ಮೇಲೆ ಹೊಡೆಯುವುದು ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಅಡಿಕೆ ನಂಟಿನವರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಕೊಳೆರೋಗಕ್ಕೆ ಮಳೆಗಾಲದಲ್ಲಿ ಬೋರ್ಡೋ ಹೊಡೆದ ಅಭ್ಯಾಸದಲ್ಲಿ ಎಲೆಯಿರುವ ಪೀಚಿಗೂ ಹೊಡೆಯುತ್ತಾರೆ. ಪೀಚಿನ ಎಲೆಗೆ ತಾಮ್ರ ಆಗದು. ಎಲೆ ತೂತು ಬಿದ್ದು, ಹಳದಿಯಾಗಿ ಒಂದೇ ವಾರದಲ್ಲಿ ಉದುರುತ್ತದೆ. ಎಲೆ ಇರುವಾಗ ತುಕ್ಕು ಮತ್ತು ಬೂದಿ ರೋಗಕ್ಕೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಸಾಕು. ಮೊದಲ ಚುಕ್ಕೆ ಕಂಡಾಗ ಶುರುಮಾಡಿ, ಮಳೆ ಬಿಡುವು ಕೊಟ್ಟಾಗಲೆಲ್ಲ ಎರಡು–ಮೂರು ವಾರಕ್ಕೊಮ್ಮೆ, ಎಲೆಯ ಹಿಂಬದಿ ನೆನೆಯುವಂತೆ ಹೊಡೆಯಿರಿ. ಸುಡುಬಿಸಿಲಿನಲ್ಲಿ ಗಂಧಕ ಬೇಡ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೂ ಬೇಡ, ಎರಡೂ ಸೇರಿದರೆ ಎಲೆ ಸುಡುತ್ತದೆ.

ನೀರು, ಗೊಬ್ಬರ ಚಿಕ್ಕ ಮಾತು. ಹೂವಿನಿಂದ ಕೊಯ್ಲಿನವರೆಗಿನ ಒಣ ತಿಂಗಳುಗಳಲ್ಲಿ ಬೆಳೆದ ಮರಕ್ಕೆ ವಾರಕ್ಕೆ 40–50 ಲೀಟರ್, ಬುಡಕ್ಕೆ ಮಾತ್ರ. ವರ್ಷಕ್ಕೆ 20 ಕಿಲೋ ಕೊಟ್ಟಿಗೆ ಗೊಬ್ಬರ, ಗಿಡದ ವಯಸ್ಸಿನ ಒಂದೊಂದು ವರ್ಷಕ್ಕೆ 100 ಗ್ರಾಂ ಯೂರಿಯಾದಂತೆ ಐದು ವರ್ಷದವರೆಗೆ ಏರಿಸಿ ಅಲ್ಲಿಗೆ ನಿಲ್ಲಿಸಿ. ಅರ್ಧ ಚಿಗುರುವಾಗ, ಅರ್ಧ ಕೊಯ್ಲಾದ ಮೇಲೆ. ಆಗಸ್ಟ್ ನಂತರ ಸಾರಜನಕ ಕೊಟ್ಟರೆ ಮರ ಮಲಗುವುದನ್ನೇ ಮರೆಯುತ್ತದೆ, ಎಳೆ ಚಿಗುರಿಗೆ ತುಕ್ಕು, ಹೇನು ಮುತ್ತುತ್ತವೆ.

ಕಾಯಿ ಕೀಳುವುದು, ಚೀಲ ಕಟ್ಟುವುದು

ಮೊದಲ ವರ್ಷದ ಕಾಯನ್ನೆಲ್ಲ ಕಿತ್ತುಬಿಡಿ. ಆಮೇಲಿನ ವರ್ಷಗಳಲ್ಲಿ ಕಾಯಿ ಸಣ್ಣ ನೆಲ್ಲಿಕಾಯಿ ಗಾತ್ರಕ್ಕೆ ಬಂದಾಗ, ಒಳಗಿನ ಓಟೆ ಗಟ್ಟಿಯಾಗುವ ಮೊದಲು, ಕಡ್ಡಿಯಲ್ಲಿ 15 ಸೆಂಟಿಮೀಟರಿಗೊಂದು ಉಳಿಸಿ ಉಳಿದದ್ದನ್ನು ತೆಗೆಯಬೇಕು. ಒಂದಕ್ಕೊಂದು ಅಂಟಿದ ಹಣ್ಣುಗಳ ನಡುವೆಯೇ ಕೊಳೆ ಶುರುವಾಗುವುದು.

ಹಣ್ಣು ನೊಣಕ್ಕೆ ನಿರೋಧಕ ತಳಿ ಎಂಬುದಿಲ್ಲ. ಮಿಥೈಲ್ ಯುಜಿನಾಲ್ ಬಲೆ ಗಂಡು ನೊಣಗಳನ್ನಷ್ಟೇ ಸೆಳೆಯುತ್ತದೆ, ಮೊಟ್ಟೆ ಇಡುವ ಹೆಣ್ಣು ಹೊರಗೇ ಉಳಿಯುತ್ತದೆ. ಊರಿಡೀ ಕಟ್ಟಿದರೆ ಲಾಭ, ಒಂದೇ ಮನೆಯವರು ಮರಕ್ಕೇ ಕಟ್ಟಿದರೆ ನೆರೆಯ ನೊಣಗಳಿಗೆ ಆಹ್ವಾನ. ಮನೆಯ ಒಂದು ಮರಕ್ಕೆ ಚೀಲವೇ ಮೇಲು: ಕಾಯಿ ಕೀಳುವ ಕೆಲಸ ಮುಗಿದ ಮೂರ್ನಾಲ್ಕು ವಾರಕ್ಕೆ 15 × 20 ಸೆಂಟಿಮೀಟರಿನ ಬಟ್ಟೆಯಂಥ ನಾನ್‌ವೋವನ್ ಚೀಲವನ್ನು ಪ್ರತಿ ಕಾಯಿಗೆ ಕಟ್ಟಿ. ನೂರು ಚೀಲ ಒಂದು ಬೆಳಗಿನ ಕೆಲಸ, ತೊಳೆದು ಮುಂದಿನ ವರ್ಷಕ್ಕೂ ಆಗುತ್ತವೆ. ಉದುರಿದ ಹಣ್ಣನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಅದರ ಹುಳು ಮಣ್ಣಿಗಿಳಿದು ನೊಣವಾಗಿಯೇ ಏಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ವಾರ ಬಿಸಿಲಿಗಿಡಿ.

ಕೊಯ್ಲಿಗೆ ಕೆನ್ನೆಯ ಕೆಂಪನ್ನು ನಂಬಬಾರದು. ಈ ತಳಿಗಳು ಕಾಯಿದ್ದಾಗಲೇ ಕೆಂಪಾಗುತ್ತವೆ. ತೊಟ್ಟಿನ ಬಳಿಯ ಹಸಿರು ಕರಗಿ ಹಳದಿಗೆ ಅಥವಾ ಕೆನೆಬಣ್ಣಕ್ಕೆ ತಿರುಗಿದಾಗ, ಹಣ್ಣು ಇನ್ನೂ ಗಟ್ಟಿಯಿರುವಾಗಲೇ ಕಿತ್ತು ಎರಡು ದಿನ ಒಳಗಿಡಿ. ಮರದಲ್ಲೇ ಮೆತ್ತಗಾಗಲಿ ಎಂದು ಕಾದರೆ ಏಪ್ರಿಲಿನ ಒಂದು ಸಂಜೆ ಮಳೆಗೆ ಹಣ್ಣು ಬಿರಿದು ಕೊಳೆಯುತ್ತದೆ. ಕೊಳೆತು ಒಣಗಿ ಮರದಲ್ಲೇ ನೇತಾಡುವ ಹಣ್ಣುಗಳನ್ನು ಕವಾತಿನ ಹೊತ್ತಿಗೆ ಒಂದೂ ಬಿಡದೆ ತೆಗೆಯಿರಿ, ಮುಂದಿನ ವರ್ಷದ ಕೊಳೆ ಅವುಗಳಲ್ಲೇ ಕಾದು ಕೂತಿರುತ್ತದೆ. ಎಷ್ಟು ನೋಡಿಕೊಂಡರೂ ಪೀಚ್ ಹತ್ತು–ಹದಿನೈದು ವರ್ಷದ ಮರ. ಎಂಟನೆಯ ವರ್ಷಕ್ಕೇ ಅಂಗಳದ ಬೇರೊಂದು ಮೂಲೆಯಲ್ಲಿ ಎರಡನೆಯದನ್ನು ನೆಟ್ಟಿಡಿ.